6ರಿಂದ 8ನೇ ತರಗತಿಯ ಪ್ರತಿಭಾವಂತ ಮಕ್ಕಳಿಗೆ ಥೀಮ್ ಆಧಾರಿತ ಕೋರ್ಸು ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆರು, ಏಳು, ಎಂಟನೇ ತರಗತಿಯ ಚುರುಕು ಮಕ್ಕಳಿಗಾಗಿ ಒಂದೇ ಥೀಮ್ ಹಿಡಿದು ವಿಜ್ಞಾನ, ಗಣಿತ, ಇತಿಹಾಸ, ಭಾಷೆಗಳನ್ನು ಒಟ್ಟಿಗೆ ಕಲಿಸಲು ಹೊರಟ ಶಿಕ್ಷಕರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವು ಪೋಷಕರದ್ದು. ಮಾತು ಬರೀ ತತ್ವವಾಗದಿರಲಿ ಎಂದು ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಉಪ್ಪು.

ಥೀಮ್ ಇಟ್ಟುಕೊಂಡು ಕಲಿಸುವುದು ನಮ್ಮ ಶಾಲೆಗಳಲ್ಲಿ ಮೊದಲಿನಿಂದಲೂ ಇದೆ. ಇದರಲ್ಲಿ ಹೊಸತೇನು?

ಇದೆ ನಿಜ. ಒಂದು ವಾರ ‘ನೀರು’ ಎಂದು ಘೋಷಿಸುತ್ತೇವೆ. ವಿಜ್ಞಾನದ ಮೇಷ್ಟ್ರು ಜಲಚಕ್ರ ಬರೆಸುತ್ತಾರೆ, ಕನ್ನಡದ ಮೇಡಂ ಮಳೆಯ ಪದ್ಯ ಓದಿಸುತ್ತಾರೆ, ಗಣಿತದಲ್ಲಿ ತೊಟ್ಟಿಗೆ ನಲ್ಲಿ ಬಿಡುವ ಲೆಕ್ಕ, ಚಿತ್ರಕಲೆಯಲ್ಲಿ ನದಿ. ನಾಲ್ಕೂ ಒಂದೇ ವಾರ ನಡೆದವು ಅನ್ನುವುದು ಬಿಟ್ಟರೆ ಒಂದಕ್ಕೊಂದು ಸಂಬಂಧವಿಲ್ಲ. ಮಳೆಯ ಪದ್ಯ ಓದದೆಯೂ ಜಲಚಕ್ರ ಅರ್ಥವಾಗುತ್ತದೆ.

ನಾವು ಬಳಸುವ ಪರೀಕ್ಷೆ ಸರಳ. ಕೋರ್ಸಿನಿಂದ ಒಂದು ವಿಷಯವನ್ನು ಕಿತ್ತು ನೋಡಿ. ಉಳಿದದ್ದು ಏನೂ ಆಗದಂತೆ ನಿಂತರೆ ಅಲ್ಲಿ ಬೆಸುಗೆ ಇರಲೇ ಇಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯ್ದೆ ಮುರಿದದ್ದನ್ನೇ ತೆಗೆದುಕೊಳ್ಳಿ. ಸಮುದ್ರದ ನೀರು, ಒಂದು ಪಾತ್ರೆ, ಬೆಂಕಿ ಅಥವಾ ಬಿಸಿಲು ಇದ್ದರೆ ಯಾರು ಬೇಕಾದರೂ ಉಪ್ಪು ಮಾಡಬಹುದು. ಅಷ್ಟು ಸುಲಭದ ಕೆಲಸ ಅಪರಾಧವಾಗಿತ್ತು ಎಂಬುದರಿಂದಲೇ ಆ ಕಾಯ್ದೆ ಜನರನ್ನು ಕೆರಳಿಸಿತು. ಕೆಲಸ ಸುಲಭವಾಗಿದ್ದರಿಂದಲೇ ಸಾವಿರಾರು ಜನ ಒಟ್ಟಿಗೆ ಅದನ್ನು ಮುರಿಯಲೂ ಆಯಿತು. ಆವಿಯಾಗುವಿಕೆ ತಿಳಿಯದ ಮಗುವಿಗೆ ಈ ಚಳವಳಿ ಬರೀ ಇಸವಿಯಾಗಿ ಉಳಿಯುತ್ತದೆ. ರಸಾಯನಶಾಸ್ತ್ರ ಇಲ್ಲಿ ಇತಿಹಾಸದ ಪಕ್ಕದಲ್ಲಿಲ್ಲ, ಅದರ ಒಳಗೇ ಇದೆ.

‘ಪ್ರತಿಭಾವಂತ ಮಗು’ ಎಂದರೆ ಯಾರು? ಮೊದಲ ರ‍್ಯಾಂಕಿನವರೇ?

ಮೊದಲ ರ‍್ಯಾಂಕಿನವರೂ ಇರಬಹುದು. ಅಂಕಪಟ್ಟಿಯೊಂದನ್ನೇ ನಂಬಿದರೆ ಮಾತ್ರ ಎಷ್ಟೋ ಮಕ್ಕಳು ಕೈತಪ್ಪುತ್ತಾರೆ. ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆಂಜುಲ್ಲಿ 1978ರಲ್ಲಿ ಮುಂದಿಟ್ಟ ಮೂರು ವೃತ್ತಗಳ ಕಲ್ಪನೆ ಈಗಲೂ ಕೆಲಸಕ್ಕೆ ಬರುತ್ತದೆ: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಹಟ. ಮೂರೂ ಒಂದೆಡೆ ಕೂಡಿದಾಗ ಪ್ರತಿಭೆ ಕಾಣಿಸಿಕೊಳ್ಳುತ್ತದೆ ಎನ್ನುವುದು ಅವರ ವಾದ. ಇದರಲ್ಲಿ ಮೂರನೆಯದು ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ತರಗತಿಯಲ್ಲಿ ಗಮನಿಸಬೇಕಾದ್ದು: ಉತ್ತರ ಸಿಕ್ಕ ಮೇಲೂ ಪ್ರಶ್ನೆ ಬಿಡದ ಮಗು. “ಹಾಗಾದರೆ...” ಎಂದು ಶುರು ಮಾಡುವ ಮಗು. ನೋಟ್ಸ್ ಅರ್ಧಕ್ಕೆ ಬಿಟ್ಟು ಕಿಟಕಿಯಾಚೆ ನೋಡುತ್ತಿದ್ದರೂ ಕೇಳಿದಾಗ ಪಾಠದ ಮುಂದಿನ ಹೆಜ್ಜೆ ಹೇಳಿಬಿಡುವ ಮಗು. ತಂಟೆಕೋರ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರಲ್ಲಿ ಒಂದಿಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ಆದ್ದರಿಂದ ಆಯ್ಕೆಗೆ ಶಿಕ್ಷಕರ ಮಾತು, ಮಗು ತಾನಾಗಿ ಮಾಡಿದ ಏನಾದರೊಂದು ಕೆಲಸ, ಒಂದು ತೆರೆದ ಪ್ರಶ್ನೆಗೆ ಅದು ಬರೆದ ಉತ್ತರ, ಮೂರನ್ನೂ ನೋಡಿ. ಬಾಗಿಲನ್ನು ಪೂರ್ತಿ ಮುಚ್ಚಬೇಡಿ, ಎರಡನೇ ವಾರ ಬಂದು “ನಾನೂ ಸೇರಲಾ?” ಎಂದು ಕೇಳುವ ಮಗುವಿಗೆ ಆ ಕೇಳುವಿಕೆಯೇ ಅರ್ಹತೆ.

ಥೀಮ್ ಆರಿಸುವುದು ಹೇಗೆ?

ಥೀಮ್ ತೀರಾ ದೊಡ್ಡದಾದರೆ ಹಿಡಿತಕ್ಕೆ ಸಿಗುವುದಿಲ್ಲ. ‘ಪರಿಸರ’, ‘ನಮ್ಮ ಸಂಸ್ಕೃತಿ’ ಇಂಥವುಗಳಲ್ಲಿ ಏನು ಬೇಕಾದರೂ ತುಂಬಬಹುದು, ಹಾಗಾಗಿ ಏನೂ ತುಂಬುವುದಿಲ್ಲ. ತೀರಾ ಚಿಕ್ಕದಾದರೆ ಎರಡು ವಾರಕ್ಕೇ ಮುಗಿದುಹೋಗುತ್ತದೆ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು, ಅದರ ಹಿಂದೆ ದೊಡ್ಡದೊಂದು ಪರಿಕಲ್ಪನೆ, ಎರಡೂ ಇರಬೇಕು. ಉಪ್ಪು ವಸ್ತು. ಅದರ ಹಿಂದಿನ ಪರಿಕಲ್ಪನೆ ‘ನಿಯಂತ್ರಣ’: ದೇಹ ತನ್ನೊಳಗಿನ ಉಪ್ಪನ್ನು ನಿಯಂತ್ರಿಸುತ್ತದೆ, ಕಟ್ಟೆಗಳು ಸಮುದ್ರದ ನೀರನ್ನು ನಿಯಂತ್ರಿಸುತ್ತವೆ, ಸರಕಾರಗಳು ಮಾರುಕಟ್ಟೆಯನ್ನು ನಿಯಂತ್ರಿಸುತ್ತವೆ. ವಸ್ತು ಮಾತ್ರ ಇದ್ದರೆ ಅದು ಮಾಹಿತಿಯ ಮೂಟೆ. ಪರಿಕಲ್ಪನೆ ಮಾತ್ರ ಇದ್ದರೆ ಹನ್ನೆರಡು ವರ್ಷದ ಮಗು ಆಕಳಿಸುತ್ತದೆ.

ಆಮೇಲೆ ಇಡೀ ಕೋರ್ಸಿಗೆ ಒಂದೇ ಮುಖ್ಯ ಪ್ರಶ್ನೆ ಬೇಕು. ನಮ್ಮದು: “ಇಷ್ಟು ಅಗ್ಗದ ವಸ್ತುವಿಗಾಗಿ ಒಂದು ಸರಕಾರ ಯಾಕೆ ಬೇಲಿ ಕಟ್ಟಿತು?” ಇದು ಅಲಂಕಾರದ ಮಾತಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರು ತೆರಿಗೆ ಕಟ್ಟದ ಉಪ್ಪು ಒಳಗೆ ಬಾರದಂತೆ ಉತ್ತರ ಮತ್ತು ಮಧ್ಯ ಭಾರತದುದ್ದಕ್ಕೂ ಸುಂಕದ ಗಡಿ ಎಳೆದು, ಅದರ ಬಹುಭಾಗಕ್ಕೆ ಮುಳ್ಳುಗಿಡಗಳ ಜೀವಂತ ಬೇಲಿ ಬೆಳೆಸಿದ್ದರು. 1879ರಲ್ಲಿ ಅದನ್ನು ಕೈಬಿಟ್ಟರು. ಆ ಬೇಲಿ ಬೆಳೆಸುವ ಕೆಲಸ ನೋಡಿಕೊಂಡವರಲ್ಲಿ ಎ.ಓ. ಹ್ಯೂಮ್ ಕೂಡ ಒಬ್ಬರು, ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಅದೇ ಹ್ಯೂಮ್. ಈ ಸಂಗತಿ ಹೇಳಿ ಸುಮ್ಮನಿದ್ದುಬಿಡಿ. ಮುಂದಿನ ಅರ್ಧ ಗಂಟೆಯ ಚರ್ಚೆ ಮಕ್ಕಳೇ ನಡೆಸುತ್ತಾರೆ.

ಉಪ್ಪಿನ ಕೋರ್ಸಿನ ಒಳಗೆ ಏನೇನಿದೆ? ಸ್ವಲ್ಪ ಬಿಡಿಸಿ ಹೇಳಿ.

ವಾರಕ್ಕೊಮ್ಮೆ ಎರಡು ಗಂಟೆಯಂತೆ ಹತ್ತು ಶನಿವಾರ ಎಂದಿಟ್ಟುಕೊಳ್ಳಿ.

ಶುರು ತಟ್ಟೆಯಿಂದ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಮಕ್ಕಳು ಅಷ್ಟೇ ಉಪ್ಪು ಕದಡಿದ ನೀರನ್ನು ಅಗಲ ತಟ್ಟೆ, ಎತ್ತರದ ಲೋಟ, ಕಪ್ಪು ಬಣ್ಣದ ಡಬ್ಬಿಗಳಲ್ಲಿ ಬಿಸಿಲಿಗಿಟ್ಟು ದಿನಾ ತೂಗಿ ಬರೆದಿಡುತ್ತಾರೆ. ಉಪ್ಪು ಸಕ್ಕರೆಯಂತಲ್ಲ, ನೀರು ಕುದಿಸಿದರೂ ತಣ್ಣಗಿದ್ದಾಗಿನದಕ್ಕಿಂತ ಸ್ವಲ್ಪವೇ ಹೆಚ್ಚು ಕರಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ 100 ಮಿ.ಲೀ. ನೀರಿಗೆ ಸುಮಾರು 36 ಗ್ರಾಂ, ಅಲ್ಲಿಗೆ ಮುಗಿಯಿತು. ಹಾಗಾದರೆ ಬಿಸಿ ದ್ರಾವಣವನ್ನು ತಣಿಸಿ ಉಪ್ಪು ತೆಗೆಯುವುದು ಲಾಭವಿಲ್ಲ, ನೀರನ್ನೇ ಓಡಿಸಬೇಕು ಎಂಬ ತೀರ್ಮಾನಕ್ಕೆ ಅವರೇ ಬರಬೇಕು. ಬಂದೇ ಬರುತ್ತಾರೆ.

ಅಲ್ಲಿಂದ ಉಪ್ಪಿನಾಗರಕ್ಕೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಅಘನಾಶಿನಿ ಅಳಿವೆಯ ನೀರು ಹಾಯಿಸಿ ಈಗಲೂ ಉಪ್ಪು ತೆಗೆಯುತ್ತಾರೆ. ಲೆಕ್ಕ ಹೀಗೆ ಕೊಡಿ: 10 ಮೀಟರ್ ಉದ್ದ, 10 ಮೀಟರ್ ಅಗಲದ ಕಟ್ಟೆಯಲ್ಲಿ 5 ಸೆಂ.ಮೀ. ಸಮುದ್ರದ ನೀರು ನಿಲ್ಲಿಸಿದರೆ ಎಷ್ಟು ಲವಣ? 5,000 ಲೀಟರ್ ನೀರು, 175 ಕಿಲೋ ಲವಣ. ದಿನಕ್ಕೆ 5 ಮಿ.ಮೀ. ಆವಿಯಾದರೆ ಹತ್ತು ದಿನ. ಸಾಮಾನ್ಯ ತರಗತಿಯ ಲೆಕ್ಕ ಇಲ್ಲಿ ನಿಲ್ಲುತ್ತದೆ. ಈ ಮಕ್ಕಳಿಗೆ ಇಲ್ಲಿಂದ ಶುರುವಾಗಬೇಕು. 175 ಕಿಲೋ ಪೂರ್ತಿ ಅಡುಗೆ ಉಪ್ಪೇ? ಅಲ್ಲ, ಸುಮಾರು ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಮಾತ್ರ ಸೋಡಿಯಂ ಕ್ಲೋರೈಡ್. ಮೊದಲು ಸುಣ್ಣದ ಅಂಶ ಕೆಳಗೆ ಕೂರುತ್ತದೆ, ಆಮೇಲೆ ಜಿಪ್ಸಂ, ನೀರು ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು; ಕಹಿಯಾದ ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರಲ್ಲೇ ಉಳಿಯುತ್ತವೆ. ಹಾಗಾದರೆ ಒಂದೇ ದೊಡ್ಡ ಕಟ್ಟೆಯ ಬದಲು ಸಾಲು ಕಟ್ಟೆಗಳು ಯಾಕೆ? ಎಲ್ಲ ಆರುವವರೆಗೂ ಕಾಯದೆ ಉಪ್ಪನ್ನು ಎಳೆದುಕೊಳ್ಳುವುದು ಯಾಕೆ? ಮಳೆಗಾಲದಲ್ಲಿ ಅಳಿವೆಯ ನೀರು ಸಪ್ಪೆಯಾದಾಗ ಲೆಕ್ಕ ಹೇಗೆ ಬದಲಾಗುತ್ತದೆ?

ಆ ಕೊನೆಯ ಪ್ರಶ್ನೆಯೇ ಜೀವಶಾಸ್ತ್ರಕ್ಕೆ ದಾರಿ. ಅದೇ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳು) ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪುನೀರನ್ನು ತಾಳಿಕೊಳ್ಳುವ ತಳಿ. ಬೇರೆ ಭತ್ತದ ಸಸಿ ಉಪ್ಪುನೀರಲ್ಲಿ ಬಾಡುವುದೇಕೆ ಎಂಬುದನ್ನು ಉಪ್ಪು ಹಚ್ಚಿದ ಸೌತೆಕಾಯಿ ಹೋಳು ಐದು ನಿಮಿಷದಲ್ಲಿ ತೋರಿಸುತ್ತದೆ: ಉಪ್ಪು ಜೀವಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ. ಉಪ್ಪಿನಕಾಯಿ ಕೆಡದಿರುವುದಕ್ಕೂ ಅದೇ ಕಾರಣ. 2024ರಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಉಪ್ಪು ತೆಗೆಯುವವರು, ಕಗ್ಗ ಬೆಳೆಯುವವರು, ಸೀಗಡಿ ಸಾಕುವವರು, ಚಿಪ್ಪಿಕಲ್ಲು ಹೆಕ್ಕುವವರು ಎಲ್ಲರೂ ಒಂದೇ ಅಳಿವೆ ಹಂಚಿಕೊಂಡಿದ್ದಾರೆ. ಮಕ್ಕಳು ಒಬ್ಬೊಬ್ಬರ ಪರ ನಿಂತು ವಾದಿಸಲಿ. ಅರ್ಧ ಗಂಟೆಯ ಬಳಿಕ ಪಕ್ಷ ಅದಲುಬದಲು ಮಾಡಿ.

ಇತಿಹಾಸ ಭೂಪಟದಿಂದ ಶುರುವಾಗಲಿ. 1930ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿ, ಮೈಸೂರು ಒಡೆಯರ ಸಂಸ್ಥಾನ. ಕನ್ನಡಿಗರು ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯನ್ನೇ ಯಾಕೆ ಆರಿಸಿಕೊಂಡಿರಬಹುದು? ಉತ್ತರವನ್ನು ಭೂಪಟದಿಂದ ಕಟ್ಟಲಿ, ಆಮೇಲೆ ಓದಿ ಸರಿನೋಡಲಿ. ದಾಂಡಿ ಯಾತ್ರೆ ಮಾರ್ಚ್ 12ರಿಂದ ಏಪ್ರಿಲ್ 5ರವರೆಗೆ, ಸುಮಾರು 385 ಕಿ.ಮೀ. ಅಷ್ಟು ನಿಧಾನವಾಗಿ ನಡೆದದ್ದರಿಂದ ಏನು ಲಾಭವಾಯಿತು? ರೈಲಿನಲ್ಲಿ ಹೋಗಿದ್ದರೆ? ತೆರಿಗೆಗೆ ಶೇಕಡಾ ಲೆಕ್ಕ ಸಾಕು: ವರ್ಷಕ್ಕೆ 100 ರೂಪಾಯಿ ದುಡಿಯುವ ಮನೆ, 10,000 ದುಡಿಯುವ ಮನೆ, ಎರಡೂ ಉಪ್ಪಿಗೆ 2 ರೂಪಾಯಿ ತೆರಿಗೆ ಕೊಟ್ಟವು ಎಂದುಕೊಳ್ಳಿ. ಒಂದಕ್ಕೆ ಶೇ. 2, ಇನ್ನೊಂದಕ್ಕೆ ಶೇ. 0.02. ಇಂದು ಅಡುಗೆ ಉಪ್ಪಿನ ಮೇಲೆ ಜಿಎಸ್‌ಟಿ ಇಲ್ಲ. ಯಾಕಿಲ್ಲ ಎಂದು ಅವರೇ ವಿವರಿಸಲಿ.

ಕೊನೆಯ ಭಾಗ ನಮಗೆ ಅತಿ ಮುಖ್ಯ ಅನಿಸಿದ್ದು. 1956ರಲ್ಲಿ ಈಗಿನ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು, ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದಿಕೊಳ್ಳುವ ಗಳಗಂಡ ರೋಗದ ಬಗ್ಗೆ ಅಧ್ಯಯನ ಶುರು ಮಾಡಿದರು. ಕಣಿವೆಯನ್ನು ಮೂರು ವಲಯ ಮಾಡಿ ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು. ಅಯೋಡಿನ್ ಸಿಕ್ಕಲ್ಲಿ ರೋಗ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಸಾದಾ ಉಪ್ಪು ಸಿಕ್ಕ ವಲಯದವರಿಗೆ ಆದದ್ದು ನ್ಯಾಯವೇ? ಆ ವಲಯ ಇಲ್ಲದಿದ್ದರೆ ಪುರಾವೆ ಸಿಗುತ್ತಿತ್ತೇ? ಇನ್ನೂ ಒಂದು: ಬ್ರಿಟಿಷರು ಉಪ್ಪನ್ನು ನಿಯಂತ್ರಿಸಿದ್ದು ತಪ್ಪಾದರೆ, ಅಯೋಡಿನ್ ಕಡ್ಡಾಯ ಮಾಡಿ ನಾವು ನಿಯಂತ್ರಿಸುವುದು ಸರಿ ಹೇಗೆ? ಹದಿಮೂರರ ಹುಡುಗಿಯೊಬ್ಬಳು ಇದಕ್ಕೆ ಕೊಡುವ ಉತ್ತರ ಕೇಳಲಿಕ್ಕಾದರೂ ಈ ಕೋರ್ಸು ನಡೆಸಬೇಕು.

ಭಾಷೆ ಎಲ್ಲಿ ಹೋಯಿತು?

ಎಲ್ಲ ಕಡೆ ಇದೆ. ವಾದ ಬರೆಯುವುದು, ಪತ್ರ, ಸಂದರ್ಶನ. ಬೇರೆಯಾಗಿ ಬೇಕೆಂದರೆ ಗಾದೆಗಳು. “ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ”, “ಉಪ್ಪು ತಿಂದವನು ನೀರು ಕುಡಿಯಲೇಬೇಕು”, “ಉಪ್ಪುಂಡ ಮನೆಗೆ ಎರಡು ಬಗೆಯಬೇಡ”. ಅಜ್ಜಿಯರಿಂದ ಕೇಳಿ ತರಲಿ. ಇವುಗಳಲ್ಲಿ ಉಪ್ಪು ಒಮ್ಮೆ ರುಚಿ, ಒಮ್ಮೆ ತಪ್ಪು, ಒಮ್ಮೆ ಋಣ. ಉಪ್ಪು ಅಗ್ಗವಾದ ಕಾಲದಲ್ಲಿ ಇಂಥ ಗಾದೆ ಹುಟ್ಟುತ್ತಿತ್ತೇ ಎಂದು ಕೇಳಿ.

ವಿಜ್ಞಾನದ ಶಿಕ್ಷಕಿ ನಾನು. ಇತಿಹಾಸ ಹೇಳಲು ಧೈರ್ಯವಿಲ್ಲ.

ಹೇಳಬೇಡಿ, ಪಕ್ಕದ ಕೊಠಡಿಯ ಸಮಾಜ ವಿಜ್ಞಾನದವರನ್ನು ಕರೆಯಿರಿ. ಒಬ್ಬರೇ ಎಲ್ಲ ಹೊರುವ ಕೋರ್ಸು ತೆಳ್ಳಗಾಗುತ್ತದೆ. ಇಬ್ಬರು ಮೂವರು ಶಿಕ್ಷಕರು ಕೂತು, ತಮ್ಮ ವಿಷಯದ ಪಾಠ ಪಟ್ಟಿ ಬದಿಗಿಟ್ಟು, ಮುಖ್ಯ ಪ್ರಶ್ನೆಗೆ ಉತ್ತರಿಸಲು ತಮ್ಮ ವಿಷಯದಿಂದ ಅನಿವಾರ್ಯವಾಗಿ ಬೇಕಾದ್ದು ಏನು ಎಂದು ಮಾತ್ರ ಬರೆಯಲಿ. ಬಹಳಷ್ಟು ಬಿಟ್ಟುಹೋಗುತ್ತದೆ. ಬಿಡಲಿ. ಒಂದೆರಡು ತರಗತಿಗಾದರೂ ಇಬ್ಬರೂ ಒಟ್ಟಿಗೆ ನಿಂತು ಮಕ್ಕಳೆದುರಿಗೇ ಭಿನ್ನಾಭಿಪ್ರಾಯ ತೋರಿಸಿಕೊಳ್ಳಿ. ಇತಿಹಾಸಕಾರ ‘ಪುರಾವೆ’ ಎನ್ನುವುದಕ್ಕೂ ವಿಜ್ಞಾನಿ ಎನ್ನುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಬೇರೆ ಯಾವ ರೀತಿಯಲ್ಲೂ ಇಷ್ಟು ಚೆನ್ನಾಗಿ ತಿಳಿಯದು.

ಸಿಲೆಬಸ್ ಮುಗಿಸುವುದೇ ಕಷ್ಟ. ಸಮಯ ಎಲ್ಲಿಂದ ತರುವುದು?

ಎರಡು ದಾರಿ. ಒಂದು, ಈ ಮಕ್ಕಳಿಗೆ ಈಗಾಗಲೇ ಬರುವುದನ್ನು ಮತ್ತೆ ಕಲಿಸಬೇಡಿ. ಪಾಠ ಶುರುವಾಗುವ ಮೊದಲೇ ಅದರ ಕೊನೆಯ ಲೆಕ್ಕಗಳನ್ನು ಕೊಡಿ. ಮಾಡಿ ತೋರಿಸಿದರೆ ಆ ಅವಧಿ ಉಳಿಯಿತು. ರೆಂಜುಲ್ಲಿ ಪಠ್ಯವನ್ನು ಅಡಕಗೊಳಿಸುವುದು ಎನ್ನುವುದು ಇದನ್ನೇ. ಎರಡು, 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಚೀಲವಿಲ್ಲದ ಹತ್ತು ದಿನಗಳ ಮಾತನ್ನಾಡುತ್ತದೆ, ಸ್ಥಳೀಯ ಕಸುಬುದಾರರ ಜೊತೆ ಕಲಿಯಲಿ ಎಂದು. ವಿಶೇಷ ಆಸಕ್ತಿಯ ಮಕ್ಕಳಿಗಾಗಿ ವಿಷಯ ಆಧಾರಿತ ಕ್ಲಬ್‌ಗಳನ್ನು ಪ್ರೋತ್ಸಾಹಿಸಬೇಕೆಂದೂ ಅದರಲ್ಲಿದೆ. ಮುಖ್ಯೋಪಾಧ್ಯಾಯರ ಬಳಿ ಹೋಗುವಾಗ ಆ ಪುಟ ಕೈಯಲ್ಲಿರಲಿ.

ಅಂಕ ಕೊಡಬೇಕೇ?

ಬೇಡ. ಅಂಕ ಕಂಡ ಕೂಡಲೇ ಈ ಮಕ್ಕಳು ಅಪಾಯವಿಲ್ಲದ ಉತ್ತರಕ್ಕೆ ಜಾರುತ್ತಾರೆ. ಮೊದಲ ದಿನ ಮುಖ್ಯ ಪ್ರಶ್ನೆಗೆ ಒಂದು ಪುಟ ಬರೆಸಿ ಎತ್ತಿಡಿ. ಕೊನೆಗೆ ಮತ್ತೆ ಅದನ್ನೇ ಬರೆಸಿ, ಎರಡನ್ನೂ ಮಗುವಿನ ಕೈಗೆ ಕೊಟ್ಟು ವ್ಯತ್ಯಾಸ ಗುರುತಿಸಲು ಹೇಳಿ.

ಅಂತಿಮ ಕೆಲಸಕ್ಕೆ ನಿಜವಾದ ಓದುಗ ಅಥವಾ ನೋಡುಗ ಇರಬೇಕು: ಊರಿನ ಆರೋಗ್ಯ ಕೇಂದ್ರದ ಗೋಡೆಗೆ ಉಪ್ಪಿನ ಬಗ್ಗೆ ಫಲಕ, ಅಂಗನವಾಡಿ ತಾಯಂದಿರಿಗೆ ಒಂದು ಮಾತು, ಪಂಚಾಯಿತಿಗೆ ಪತ್ರ. ಥರ್ಮೋಕೋಲಿನ ಮೇಲೆ ನೀಲಿ ಬಣ್ಣ ಬಳಿದು ‘ಸಮುದ್ರ’ ಎಂದು ಬರೆಯುವುದು ಪ್ರಾಜೆಕ್ಟ್ ಅಲ್ಲ. ಅದನ್ನು ಮನೆಯಲ್ಲಿ ಅಪ್ಪ ಅಮ್ಮ ಮಾಡಿರುತ್ತಾರೆ.

ಚುರುಕು ಮಕ್ಕಳಿಗೆ ಮಾತ್ರ ಯಾಕೆ? ಎಲ್ಲರಿಗೂ ಇದು ಬೇಡವೇ?

ಬೇಕು. ತಟ್ಟೆಯ ಪ್ರಯೋಗ, ಗಾದೆ, ದಾಂಡಿಯ ಲೆಕ್ಕ ಇಡೀ ತರಗತಿಗೆ ಮಾಡಿಸಿ. ವ್ಯತ್ಯಾಸ ಬರುವುದು ಎಷ್ಟು ದೂರ ಹೋಗುತ್ತೇವೆ, ಎಷ್ಟು ವೇಗದಲ್ಲಿ, ಎಷ್ಟು ಕಡಿಮೆ ಆಸರೆಯಲ್ಲಿ ಎಂಬುದರಲ್ಲಿ. ಅಮೆರಿಕದ ಶಿಕ್ಷಣತಜ್ಞೆ ಜಾಯ್ಸ್ ವ್ಯಾನ್‌ಟಾಸೆಲ್-ಬಾಸ್ಕಾ 1986ರಲ್ಲಿ ಕೊಟ್ಟ ಮಾದರಿಯಲ್ಲಿ ಮೂರು ಎಳೆಗಳಿವೆ: ಮೇಲ್ಮಟ್ಟದ ವಿಷಯ, ಯೋಚನೆಯ ಕ್ರಮ ಮತ್ತು ಅದರಿಂದ ಹುಟ್ಟುವ ಕೃತಿ, ದೊಡ್ಡ ಪರಿಕಲ್ಪನೆ. ನಮ್ಮಲ್ಲಿ ಎರಡನೆಯದು ಮಾತ್ರ ಗದ್ದಲದಿಂದ ನಡೆಯುತ್ತದೆ, ಚಟುವಟಿಕೆ ಎಂಬ ಹೆಸರಿನಲ್ಲಿ. ಚುರುಕಾದ ಮಗುವಿಗೆ ಹತ್ತರ ಬದಲು ಇಪ್ಪತ್ತು ಲೆಕ್ಕ ಕೊಡುವುದು ಶಿಕ್ಷೆ. ಬೇಕಾದ್ದು ಒಂದೇ ಲೆಕ್ಕ, ಅದು ಮೂರು ದಿನ ಕಾಡಬೇಕು.

ನನ್ನ ಮಗಳು ಗುಂಪಿನಲ್ಲಿ ಕೆಲಸ ಮಾಡುವುದೇ ಇಲ್ಲ. ಎಲ್ಲ ತಾನೇ ಮಾಡುತ್ತಾಳೆ, ಇಲ್ಲವೇ ಸುಮ್ಮನಾಗುತ್ತಾಳೆ.

ಇದು ತುಂಬ ಸಾಮಾನ್ಯ. ನಿಧಾನದವರ ಜೊತೆ ಕೂರಿಸಿ ‘ಸಹಾಯ ಮಾಡಮ್ಮ’ ಎಂದು ವರ್ಷಗಟ್ಟಲೆ ಹೇಳಿದರೆ ಯಾರಿಗಾದರೂ ಗುಂಪು ಬೇಸರವೇ. ತನ್ನಷ್ಟೇ ವೇಗದ ಇಬ್ಬರ ಜೊತೆ ಕೂರಿಸಿ ನೋಡಿ. ಗುಂಪಿನ ಕೆಲಸ ಒಬ್ಬರಿಂದಲೇ ಆಗದಷ್ಟು ದೊಡ್ಡದಿರಲಿ. ಅರ್ಧ ಕೋರ್ಸಾದರೂ ಒಂಟಿಯಾಗಿ ಮಾಡಲು ಬಿಡಿ. ಒಂಟಿ ಕೆಲಸ ರೋಗವಲ್ಲ. ತಪ್ಪಾಗುವ ಭಯದಿಂದ ಶುರುವನ್ನೇ ಮಾಡದ ಮಗುವಾದರೆ, ಸರಿ ಉತ್ತರವೇ ಇಲ್ಲದ ಕಾಂಗ್ಡಾದ ಪ್ರಶ್ನೆಯಿಂದ ಆರಂಭಿಸಿ.

ನಮ್ಮದು ಒಳನಾಡು, ಸರಕಾರಿ ಶಾಲೆ. ಲ್ಯಾಬೂ ಇಲ್ಲ, ಸಮುದ್ರವೂ ಇಲ್ಲ.

ಈ ಕೋರ್ಸಿಗೆ ಬೇಕಾದ್ದು ಒಂದು ತಕ್ಕಡಿ, ಸ್ಟೀಲ್ ತಟ್ಟೆಗಳು, ಒಂದು ಪ್ಯಾಕೆಟ್ ಉಪ್ಪು, ಬಿಸಿಲು. ಕಿರಾಣಿ ಅಂಗಡಿಯ ಡಿಜಿಟಲ್ ತೂಕದ ಯಂತ್ರ ಸಾಕು. ಒಳನಾಡಿನಲ್ಲಿ ಸವುಳು ಮಣ್ಣಿನಿಂದಲೂ ಉಪ್ಪು ತೆಗೆಯುತ್ತಿದ್ದರು. ಉಪ್ಪಾರ ಸಮುದಾಯದ ಕುಲಕಸುಬಿಗೂ ಅದಕ್ಕೂ ನಂಟಿದೆ. ನೀರಾವರಿ ಹೆಚ್ಚಾಗಿ ಗದ್ದೆ ಸವುಳಾದ ಊರು ನಿಮ್ಮದಾದರೆ ಸಮುದ್ರವೇ ಬೇಡ, ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನವರಿಗೆ ಇದು ಗೊತ್ತು. ಆ ಗದ್ದೆಯ ರೈತರೇ ನಿಮ್ಮ ಅತಿಥಿ ಉಪನ್ಯಾಸಕರು.

ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ, ನವೋದಯ, ಒಲಿಂಪಿಯಾಡ್‌ಗೆ ಇದರಿಂದ ಉಪಯೋಗವಿದೆಯೇ?

ನೇರವಾಗಿ ಇಲ್ಲ. ಆ ಪರೀಕ್ಷೆಗಳಿಗೆ ಬೇರೆ ತಯಾರಿ ಬೇಕು, ಅದನ್ನೂ ಮಾಡಿಸಿ. ಎರಡನ್ನೂ ಒಂದೇ ಗಂಟೆಯಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ.

ಆಕರಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಹೇಗೆ?

ಉದ್ದದ ಲೇಖನ ಕೊಡಬೇಡಿ. ಒಂದು ಕೋಷ್ಟಕ, ಒಂದು ಭೂಪಟ, ಒಂದು ಹಳೆಯ ಫೋಟೊ, ಅರ್ಧ ಪುಟದ ಪತ್ರ: ಮೂಲ ಆಕರ ಚಿಕ್ಕದಿದ್ದಷ್ಟೂ ಒಳ್ಳೆಯದು, ಅನುವಾದವನ್ನು ನೀವೇ ಮಾಡಬಹುದು. ಚರ್ಚೆ ಕನ್ನಡದಲ್ಲೇ ನಡೆಯಲಿ. ಆಳವಾದ ಯೋಚನೆಗೆ ಮಗುವಿನ ಮನೆಮಾತು ಬೇಕು; ಪಾರಿಭಾಷಿಕ ಪದ ಎರಡೂ ಭಾಷೆಯಲ್ಲಿ ತಿಳಿದಿದ್ದರೆ ಸಾಕು.

ಮೊಬೈಲ್, ಎಐ ಬಳಸಲು ಬಿಡಬಹುದೇ?

ತಟ್ಟೆಯ ನೀರು ತೂಗುವ ಕೆಲಸ ಅವು ಮಾಡಿಕೊಡುವುದಿಲ್ಲ. ಉಳಿದದ್ದಕ್ಕೆ ಬಿಡಿ, ಆದರೆ ಅಲ್ಲಿ ಸಿಕ್ಕ ಪ್ರತಿ ಅಂಕಿಯನ್ನೂ ಇನ್ನೊಂದು ಕಡೆ ಸರಿನೋಡಿ ತರಬೇಕು ಎಂಬ ಷರತ್ತಿನ ಮೇಲೆ.

ಉಪ್ಪು ಬಿಟ್ಟು ಬೇರೆ ಯಾವ ಥೀಮ್ ಇದೆ?

ರಾಗಿ, ಕೆರೆ, ರೇಷ್ಮೆ, ಅಂಚೆ ಎಲ್ಲವೂ ಆದೀತು. ನಮ್ಮ ಮುಂದಿನ ಆಯ್ಕೆ ‘ಆಳ’, ವಸ್ತು ಕೋಲಾರದ ಚಿನ್ನದ ಗಣಿ. 3 ಕಿ.ಮೀ.ಗೂ ಮೀರಿ ಕೆಳಗಿಳಿದ ಗಣಿಯಲ್ಲಿ ಸೆಖೆ ಎಷ್ಟು, ಅಲ್ಲಿಗೆ ಗಾಳಿ ಹೇಗೆ ಹೋಗುತ್ತದೆ, ಕೆಳಗಿಳಿದವರು ಯಾರು, ಮೇಲೆ ಬಂಗಲೆಯಲ್ಲಿದ್ದವರು ಯಾರು? 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹೋಯಿತು, ಬೆಂಗಳೂರಿಗೆ ಬರುವ ಮೊದಲೇ. 1965ರಲ್ಲಿ ಅದೇ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚಿದರು. 2001ರಲ್ಲಿ ಗಣಿ ಮುಚ್ಚಿತು. ಮುಖ್ಯ ಪ್ರಶ್ನೆ ಇನ್ನೂ ಪಕ್ಕಾ ಆಗಿಲ್ಲ. ಸದ್ಯಕ್ಕೆ ಇರುವುದು: “ಇಷ್ಟು ಆಳಕ್ಕೆ ಇಳಿಯುವುದು ಯಾವಾಗ ಲಾಭ, ಯಾರಿಗೆ?” ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಅದನ್ನೇ ಇಟ್ಟುಕೊಂಡು ಶುರು ಮಾಡಿ.